ಸೋದರತ್ತೆ ಕಳಿಸಿದ ಕಾರ್ಟೂನ್ ಆಟ

ಭಾನುವಾರ ಚರ್ಚು, ಊಟ ಎರಡೂ ಮುಗಿದ ಮೇಲೆ ಅಪ್ಪನ ಫೋನ್ ಬರುತ್ತದೆ ಎಂದರೆ ತೋಂಗಾ ದೇಶದ ವವಾವು ದ್ವೀಪದ ಮಕ್ಕಳು ನಾನು ಮೊದಲು ತಾನು ಮೊದಲು ಎಂದು ಕಿತ್ತಾಡುತ್ತಾರೆ. ಊರಿನ ಗಂಡಸರಲ್ಲಿ ಅರ್ಧ ಜನ ಹಣ್ಣು ಕೀಳುವ ಕೆಲಸಕ್ಕೆ ನ್ಯೂಜಿಲೆಂಡಿಗೆ ಹೋಗಿರುವಾಗ ಮಕ್ಕಳ ಪಾಲಿಗೆ ಫೋನೇ ಅಪ್ಪ. ಆದರೆ ಲುಸೆಯಾನೆಯ ಮನೆಯಲ್ಲಿ ಫೋನ್ ಸದ್ದು ಮಾಡಿದ ಕೂಡಲೇ ಏಳು ವರ್ಷದ ಮಗಳು ಅಕೊಸಿತಾ ಎದ್ದು ಓಡಿಹೋಗುತ್ತಿದ್ದಳು. ಒಮ್ಮೆ ಜೀಗುಜ್ಜೆ ಮರದ ಹಿಂದೆ, ಇನ್ನೊಮ್ಮೆ ಚಾಪೆ ಸುರುಳಿಗಳ ಸಂದಿಯಲ್ಲಿ. ಎಷ್ಟು ಕರೆದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಆ ಕಡೆಯಿಂದ ಗಂಡ ಸೆಮಿಸಿ ಮಗಳೆಲ್ಲಿ ಎಂದು ಕೇಳುವನು. ಮಲಗಿದ್ದಾಳೆ, ಸ್ನಾನಕ್ಕೆ ಹೋಗಿದ್ದಾಳೆ ಎಂದು ಲುಸೆಯಾನೆ ಏನೋ ಒಂದು ನೆಪ ಹೇಳುವಳು. ಒಂದು ಭಾನುವಾರ ಅವನು ಆ ನೆಪವನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, "ಮಗಳು ನನ್ನನ್ನ ಮರೀತಿದ್ದಾಳೆ ಅನ್ಸುತ್ತೆ ಕಣೇ. ಈ ಕೆಲಸ ಬಿಟ್ಟು ಬಂದುಬಿಡ್ಲಾ?" ಎಂದ. ಕೆಲಸ ಬಿಟ್ಟು ಬಂದರೆ ಮುಂದಿನ ವರ್ಷ ಮತ್ತೆ ಕರೆಯುವುದಿಲ್ಲ. ಅರ್ಧ ಕಟ್ಟಿದ ಮನೆ ಅರ್ಧಕ್ಕೇ ನಿಲ್ಲುತ್ತದೆ. ಲುಸೆಯಾನೆಗೆ ಆ ವಾರ ಅನ್ನನೀರು ಸೇರಲಿಲ್ಲ.

ಊರಿನ ಹೆಂಗಸರು ಒಟ್ಟಾಗಿ ಕೂತು ಕೇದಗೆ ಎಲೆಯ ಚಾಪೆ ಹೆಣೆಯುವ ಮನೆಯೊಂದಿದೆ. ಅಲ್ಲಿ ಗುಟ್ಟು ಎಂಬುದು ಉಳಿಯುವುದಿಲ್ಲ. ಲುಸೆಯಾನೆ ಬಾಯಿ ಬಿಡುವ ಮೊದಲೇ ವಿಷಯ ಎಲ್ಲರಿಗೂ ಗೊತ್ತಿತ್ತು. ಶಾಲೆಯಿಂದ ಬಂದವಳೇ ಟಿ.ವಿ. ಮುಂದೆ ಕೂತು ವಿಡಿಯೋ ಗೇಮ್ ಆಡುತ್ತಾಳಲ್ಲ, ಇನ್ನು ಅಪ್ಪ ಯಾಕೆ ಬೇಕು ಎಂದು ಒಬ್ಬಳು ಚುಚ್ಚಿದಳು. ಆಟವನ್ನು ಎತ್ತಿ ಬಚ್ಚಲ ಒಲೆಗೆ ಹಾಕು ಎಂದಳು ಇನ್ನೊಬ್ಬಳು.

"ಅದು ಸೋದರತ್ತೆ ಕಳಿಸಿದ್ದು," ಎಂದಳು ಲುಸೆಯಾನೆ. ಒಲೆಗೆ ಹಾಕು ಎಂದವಳು ನಾಲಿಗೆ ಕಚ್ಚಿಕೊಂಡಳು.

ತೋಂಗಾದಲ್ಲಿ ಅಪ್ಪನ ಅಕ್ಕ ಎಂದರೆ ಮನೆತನಕ್ಕೇ ದೊಡ್ಡವಳು. ಮಕ್ಕಳಿಗೆ ಹೆಸರಿಡುವವಳು ಅವಳು. ತಮ್ಮ ಎಷ್ಟೇ ದೊಡ್ಡವನಾದರೂ ಅವಳ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಅವಳು ಕೊಟ್ಟದ್ದನ್ನು ಬೇಡ ಎಂದರೆ ಅದರ ಕೆಡುಕು ಮಕ್ಕಳಿಗೆ ತಟ್ಟುತ್ತದೆ ಎಂದು ಹಿರಿಯರು ಇವತ್ತಿಗೂ ಹೇಳುತ್ತಾರೆ. ಸೆಮಿಸಿಯ ಅಕ್ಕ ಕಲೊಲೈನೆ ಇರುವುದು ಆಕ್ಲೆಂಡಿನಲ್ಲಿ. ವರ್ಷಕ್ಕೊಂದು ದೊಡ್ಡ ಡ್ರಮ್ಮಿನ ತುಂಬ ಸಾಮಾನು ತುಂಬಿ ಹಡಗಿಗೆ ಹಾಕುತ್ತಾಳೆ. ಈ ಸಲದ ಡ್ರಮ್ಮಿನಲ್ಲಿ ಮಗುವಿಗೆಂದು ಟಿ.ವಿ.ಗೆ ಜೋಡಿಸುವ ಗೇಮ್ ಯಂತ್ರವೂ ಆ ಆಟವೂ ಬಂದಿದ್ದವು.

ಚಾಪೆ ಹೆಣೆಯುವವರಲ್ಲಿ ತೆಲೆಸಿಯಾ ಎಂಬವಳು ಮಕ್ಕಳನ್ನು ಆಕ್ಲೆಂಡಿನಲ್ಲೇ ಬೆಳೆಸಿ, ಈಗ ಊರಿಗೆ ಮರಳಿ ಶಿಶುವಿಹಾರ ನಡೆಸುತ್ತಿದ್ದಳು. ಅವಳು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು, ಅದು ಎಂಥ ಆಟ ಎಂದು ಕೇಳಿದಳು.

"ಕಾರ್ಟೂನ್ ಅಕ್ಕ. ದೊಡ್ಡ ಕಣ್ಣಿನ ಪುಟ್ಟ ಹುಡುಗಿ, ಒಂದು ದೋಣಿ, ಬಣ್ಣಬಣ್ಣದ ಮೀನು. ಬಂದೂಕಿಲ್ಲ, ರಕ್ತ ಇಲ್ಲ. ಮಕ್ಕಳದ್ದಲ್ದೆ ಇನ್ನೇನು?"

"ಬೆಳ್ಳಗಿರೋದೆಲ್ಲ ಹಾಲಲ್ಲ ಲುಸೆಯಾನೆ. ಕಾರ್ಟೂನ್ ಆದ ಮಾತ್ರಕ್ಕೆ ಮಕ್ಕಳದ್ದು ಅಂತ ಯಾರು ಹೇಳಿದ್ರು? ಡಬ್ಬಿ ಮೇಲೆ ಯಾವ ಬಣ್ಣದ ಗುರುತಿತ್ತು?"

ಡಬ್ಬಿ ಬಂದಿರಲೇ ಇಲ್ಲ. ಡ್ರಮ್ಮು ತುಂಬುವವರ ಕಲೆಯೇ ಅದು. ಹಡಗಿನಲ್ಲಿ ಗಾಳಿಯನ್ನು ಕಳಿಸಬಾರದು ಎನ್ನುತ್ತಾರೆ. ಬೂಟಿನ ಡಬ್ಬಿ, ಸೋಪಿನ ಡಬ್ಬಿ, ಬೊಂಬೆಯ ಡಬ್ಬಿ ಎಲ್ಲವನ್ನೂ ಕಿತ್ತೆಸೆದು, ಉಳಿದ ಜಾಗಕ್ಕೆ ಮಾಂಸದ ಡಬ್ಬಗಳನ್ನು ತುರುಕುತ್ತಾರೆ. ಆಟದ ಡಿಸ್ಕ್ ಬಂದದ್ದು ಒಂದು ಕಾಲುಚೀಲದೊಳಗೆ.

ನ್ಯೂಜಿಲೆಂಡಿನ ಅಂಗಡಿಯ ಆಟಗಳ ಡಬ್ಬಿಯ ಮೇಲೆ ಬಣ್ಣದ ಗುರುತಿರುತ್ತದೆ ಎಂದು ತೆಲೆಸಿಯಾ ಬಿಡಿಸಿ ಹೇಳಿದಳು. ಹಸಿರಾದರೆ ಯಾರು ಬೇಕಾದರೂ ಆಡಬಹುದು. ಹಳದಿಯಾದರೆ ದೊಡ್ಡವರು ಮೊದಲು ಓದಿ ನೋಡಿ, ಯೋಚಿಸಿ ಕೊಡಬೇಕು. ಕೆಂಪಾದರೆ ಅದರಲ್ಲಿ ಬರೆದಷ್ಟು ವಯಸ್ಸಾಗದವರಿಗೆ ಕೊಡಲೇಬಾರದು. ರಕ್ತ, ಬಂದೂಕು ಇದ್ದರೆ ಮಾತ್ರ ಗುರುತು ಹಾಕುತ್ತಾರೆ ಎಂದುಕೊಳ್ಳಬೇಡಿ, ಎಳೆಯ ಮನಸ್ಸು ಹೊರಲಾರದ ಸಂಗತಿ ಇದ್ದರೂ ಹಾಕುತ್ತಾರೆ ಎಂದಳು.

"ನೀನು ಒಂದ್ಸಲ ಆದ್ರೂ ಆಡಿ ನೋಡಿದ್ಯಾ?"

"ನಾನ್ಯಾಕೆ ಆಡ್ಲಿ ಅಕ್ಕ? ನಾನೇನು ಮಗುನಾ?"

"ಮಗು ತಿನ್ನೋ ಗಂಜಿನ ನೀನು ನಾಲಿಗೆಗೆ ಹಚ್ಚಿ ನೋಡಲ್ವಾ? ಹಂಗೇ ಇದೂ."

ಲುಸೆಯಾನೆಗೆ ಅರೆಮನಸ್ಸು. ನೋಡಿದ ಮೇಲೆ ತಪ್ಪೇನಾದರೂ ಕಂಡರೆ ಅತ್ತ ಸೋದರತ್ತೆಗೂ ಹೇಳುವಂತಿಲ್ಲ, ಇತ್ತ ಮಗುವಿಗೂ ಕೊಡುವಂತಿಲ್ಲ. ಆದರೂ ಮರುದಿನ ಅಕೊಸಿತಾ ಶಾಲೆಗೆ ಹೋದ ಮೇಲೆ ತೆಲೆಸಿಯಾಳನ್ನು ಕರೆದಳು. ಚಾಪೆ ಮನೆಯ ಹೆಂಗಸರೂ ಕರೆಯದೆಯೇ ಹಿಂದೆ ಬಂದು ಕೂತರು.

ಆಟ ತೆರೆದಾಗ ಅಕೊಸಿತಾ ಬಿಟ್ಟ ಜಾಗ ಕಂಡಿತು. ಪುಟ್ಟ ಹುಡುಗಿ ನಡುಸಮುದ್ರದಲ್ಲಿ ದೋಣಿ ನಿಲ್ಲಿಸಿಕೊಂಡು ಕೂತಿದ್ದಳು. ಮಡಿಲಲ್ಲಿ ಒಂದು ಶಂಖ ಮಿನುಗುತ್ತಿತ್ತು. ಮಗು ಉಳಿಸಿಕೊಂಡ ಆಟವನ್ನು ತೆಲೆಸಿಯಾ ಮುಟ್ಟಲಿಲ್ಲ, ಬೇರೆಯಾಗಿ ಮೊದಲಿನಿಂದ ಶುರು ಮಾಡಿ ಆಟದ ರಿಮೋಟನ್ನು ಲುಸೆಯಾನೆಯ ಕೈಗಿಟ್ಟಳು.

ಮೊದಮೊದಲು ಲುಸೆಯಾನೆ ದೋಣಿಯನ್ನು ಬಂಡೆಗೇ ಹೊಡೆಸಿದಳು, ಹಿಂದಿನವರು ನಕ್ಕರು. ಬರಬರುತ್ತ ನಗು ನಿಂತಿತು. ಆ ಸಮುದ್ರ! ಹುಟ್ಟಿದಾಗಿನಿಂದ ಸಮುದ್ರವನ್ನೇ ನೋಡುತ್ತ ಬೆಳೆದವಳು ಲುಸೆಯಾನೆ. ಆದರೂ ಬಿಸಿಲು ನೀರಿಗಿಳಿದು ತಳದ ಮರಳನ್ನು ಮುಟ್ಟುವುದನ್ನು ಇಷ್ಟು ನಿಧಾನವಾಗಿ ಎಂದೂ ನೋಡಿರಲಿಲ್ಲ. ನಾಲ್ಕೇ ಗೆರೆಯಲ್ಲಿ ಬರೆದ ತಿಮಿಂಗಿಲವೊಂದು ದೋಣಿಯ ಕೆಳಗೆ ಹಾದುಹೋದಾಗ ಅವಳ ಮೈ ಜುಮ್ಮೆಂದಿತು. ಇಂಥದ್ದನ್ನು ಮನುಷ್ಯರ ಕೈ ಮಾಡಿತೇ ಎಂದು ಬೆರಗಾದಳು.

ಆಟದ ಹುಡುಗಿ ಕಳೆದುಹೋದ ಅಮ್ಮನನ್ನು ಹುಡುಕಿ ಹೊರಟಿದ್ದಳು. ಶಂಖದೊಳಗಿಂದ ಅಮ್ಮನ ದನಿ ಕರೆಯುತ್ತಿತ್ತು. ಗುಂಡಿ ಒತ್ತಿದರೆ ಹುಡುಗಿ ಓಗೊಡುತ್ತಿದ್ದಳು. ಓಗೊಟ್ಟಷ್ಟೂ ದೂರದಲ್ಲಿ ಕಾಣುವ ಅಮ್ಮನ ದೋಣಿಯ ದೀಪ ಇನ್ನಷ್ಟು ದೂರವಾಗುತ್ತಿತ್ತು. ಓಗೊಡದಿದ್ದರೆ ದೀಪ ಇದ್ದಲ್ಲೇ ಇರುತ್ತಿತ್ತು, ಆದರೆ ಆಟ ಮುಂದೆ ಸಾಗುತ್ತಿರಲಿಲ್ಲ. ಲುಸೆಯಾನೆ ಒತ್ತುತ್ತ ಹೋದಳು. ಕೊನೆಗೆ ದೀಪ ನೀರಿನಂಚಿನಲ್ಲಿ ಇಳಿದು ಹೋಯಿತು. ಅಮ್ಮ ಎಂದೋ ಸತ್ತಿದ್ದಳು. ಆ ಹುಡುಗಿ ಇಷ್ಟು ದಿನ ಹುಡುಕಿದ್ದು ಅಮ್ಮನನ್ನು ಬೀಳ್ಕೊಟ್ಟು ಕಳಿಸುವುದಕ್ಕೆ. ಆಮೇಲೆ ಅವಳು ದೋಣಿ ತಿರುಗಿಸಿ ಒಬ್ಬಳೇ ಮನೆಯ ಕಡೆ ಹುಟ್ಟುಹಾಕಿದಳು, ಮೇಲೆ ಆಕಾಶದ ತುಂಬ ನಕ್ಷತ್ರ.

ಲುಸೆಯಾನೆಯ ತಾಯಿ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಸಾವಿನ ಮನೆಯಲ್ಲಿ ಬಂದವರಿಗೆ ಬಡಿಸುವುದರಲ್ಲಿ ಅವಳಿಗೆ ಅಳಲು ಪುರಸೊತ್ತೇ ಸಿಕ್ಕಿರಲಿಲ್ಲ. ಈಗ ಕಾರ್ಟೂನು ನೋಡಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಎದೆ ಹಗುರಾಯಿತು. ಎಲ್ಲೋ ಕುಳಿತ ಯಾರೋ, ತನ್ನ ಹೆಸರೂ ಗೊತ್ತಿಲ್ಲದವರು, ತನ್ನ ದುಃಖವನ್ನು ಬಲ್ಲವರಂತೆ ಗೆರೆ ಎಳೆದಿದ್ದಾರಲ್ಲ ಎಂದು ಕೈ ಮುಗಿಯಬೇಕೆನಿಸಿತು.

"ಎಂಥಾ ಚೆಂದದ ಆಟ ಅಕ್ಕ," ಎಂದಳು.

"ಚೆಂದವೇ. ನಮ್ಮಂಥವರಿಗೆ," ಎಂದಳು ತೆಲೆಸಿಯಾ.

ಆಗ ಲುಸೆಯಾನೆಗೆ ಮಗಳ ದೋಣಿ ನೆನಪಾಯಿತು. ನಡುಸಮುದ್ರದಲ್ಲಿ ನಿಂತ ದೋಣಿ, ಓಗೊಡದೆ ಬಿಟ್ಟ ಶಂಖ. ಮಗಳು ದಿನವೂ ಟಿ.ವಿ. ಮುಂದೆ ಕೂತು ಆಡುತ್ತಿದ್ದಾಳೆ ಎಂದುಕೊಂಡಿದ್ದಳು. ಅವಳು ಆಡುತ್ತಲೇ ಇರಲಿಲ್ಲ.

ಸಂಜೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆಟದಲ್ಲಿ ಗುಂಡಿ ಯಾಕೆ ಒತ್ತುವುದಿಲ್ಲ ಎಂದು ಕೇಳಿದಳು.

"ಒತ್ತಿದ್ರೆ ಅವಳಮ್ಮ ಹೋಗ್ಬಿಡ್ತಾಳೆ."

"ಮತ್ತೆ ಅಪ್ಪನ ಫೋನು?"

"ನಾನು ಮಾತಾಡ್ದೇ ಇದ್ರೆ ಅಪ್ಪ ಅಲ್ಲೇ ಇರ್ತಾನೆ."

ಮಗಳು ಅಪ್ಪನನ್ನು ಮರೆತಿರಲಿಲ್ಲ. ಮರದ ಹಿಂದೆ ಅಡಗಿ, ಅಪ್ಪನ ದನಿ ಕೇಳುವ ಆಸೆಯನ್ನೆಲ್ಲ ನುಂಗಿಕೊಂಡು, ಅವನು ದೂರವಾಗದಂತೆ ಕಾಯುತ್ತಿದ್ದಳು. ಅಷ್ಟು ಚಿಕ್ಕ ಜೀವದಲ್ಲಿ ಅಷ್ಟು ದೊಡ್ಡ ಪ್ರೀತಿ ಎಲ್ಲಿ ಹಿಡಿಸಿತ್ತೋ! ತಾಯಿ ಮಗಳ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು.

ಮರುದಿನ ಅಂಜಿಕೊಂಡೇ ಆಕ್ಲೆಂಡಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಕಲೊಲೈನೆಗೆ ಹೇಳಿದಳು. ಕಲೊಲೈನೆಯ ದನಿ ಗಡುಸಾಯಿತು. ಅಷ್ಟು ಮುದ್ದಾದ ಚಿತ್ರ ನೋಡಿ ತೆಗೆದುಕೊಂಡದ್ದು, ಅದರಲ್ಲೇನು ತಪ್ಪು ಎಂದಳು.

"ನಾನು ಕೊಟ್ಟಿದ್ದು ಸರಿಯಿಲ್ಲ ಅಂತೀಯಾ?"

"ಇಲ್ಲ ಅಕ್ಕ. ನೀವು ಕೊಟ್ಟಿದ್ದು ತುಂಬ ದೊಡ್ಡದು. ಮಗು ಕೈಲಿ ಹಿಡಿಯೋಕಾಗದಷ್ಟು ದೊಡ್ಡದು."

ಡ್ರಮ್ಮು ತುಂಬುವಾಗ ಕಿತ್ತ ಡಬ್ಬಿಗಳು ಇನ್ನೂ ಕಲೊಲೈನೆಯ ಕಾರಿನ ಶೆಡ್ಡಿನಲ್ಲಿ ಬಿದ್ದಿದ್ದವು. ಫೋನ್ ಹಿಡಿದುಕೊಂಡೇ ಹೋಗಿ ಹುಡುಕುವ ಸದ್ದು ಕೇಳಿಸಿತು. ಆಮೇಲೆ ಓದುವ ದನಿ. ಹಳದಿ ಗುರುತು. ಹದಿನಾರು ತುಂಬಿದವರಿಗೆ ತಕ್ಕದ್ದು ಎಂಬ ಸಾಲು. ಅವಳು ಅದನ್ನು ಎರಡನೆಯ ಸಲ ಇನ್ನೂ ನಿಧಾನವಾಗಿ ಓದಿದಳು. ಕೊನೆಗೆ ಮಗುವನ್ನು ಕರೆಯಲು ಹೇಳಿದಳು. ಲುಸೆಯಾನೆ ಫೋನನ್ನು ಸ್ಪೀಕರಿಗೆ ಹಾಕಿ ಚಾಪೆಯ ಮೇಲಿಟ್ಟಳು. ಅಕೊಸಿತಾ ದೂರದಲ್ಲೇ ಕೂತಳು.

"ಅಕೊಸಿತಾ, ಆ ಆಟ ನಂದು. ತಪ್ಪಿ ನಿನ್ನ ಸಾಮಾನಿನ ಜೊತೆ ಬಂದಿದೆ. ಎತ್ತಿಡು. ಕ್ರಿಸ್‌ಮಸ್‌ಗೆ ಬಂದಾಗ ನಾನೂ ನಿನ್ನಮ್ಮನೂ ಆಡ್ತೀವಿ. ನಿಂಗೆ ಹಸಿರು ಗುರುತಿಂದು ತರ್ತೀನಿ, ಡಬ್ಬಿ ಸಮೇತ."

"ಹೂಂ ಅತ್ತೆ."

"ಇನ್ನೊಂದು ಮಾತು. ನಿನ್ನಪ್ಪ ಯಾರ ತಮ್ಮ?"

"ನಿಮ್ಮ ತಮ್ಮ."

"ನನ್ನ ಮಾತು ಮೀರ್ತಾನಾ?"

ಅಕೊಸಿತಾ ಯೋಚಿಸಿದಳು. ಅತ್ತೆ ಬಂದಾಗ ಅಪ್ಪ ಕುರ್ಚಿಯಿಂದ ಎದ್ದು ನೆಲದ ಮೇಲೆ ಕೂರುವುದನ್ನು ಅವಳು ಕಂಡಿದ್ದಳು. ಇಲ್ಲ ಎಂದಳು.

"ಹಂಗಾದ್ರೆ ಕೇಳು. ನನ್ನನ್ನ ಕೇಳ್ದೆ ಅವನು ಎಲ್ಲಿಗೂ ಹೋಗಲ್ಲ. ನೀನು ಎಷ್ಟು ಮಾತಾಡಿದ್ರೂ ಹೋಗಲ್ಲ. ಹಣ್ಣಿನ ಕೆಲಸ ಮುಗೀಲಿ, ನಾನೇ ವಿಮಾನ ಹತ್ತಿಸಿ ಕಳಿಸ್ತೀನಿ."

ಸೋದರತ್ತೆಯ ಮಾತಿಗೆ ಎದುರಾಡುವಂತಿಲ್ಲ. ಅಕೊಸಿತಾ ಎದುರಾಡಲೂ ಇಲ್ಲ. ತಾನೇ ಆಟವನ್ನು ಬಟ್ಟೆಯಲ್ಲಿ ಸುತ್ತಿ ಅಮ್ಮನ ಪೆಟ್ಟಿಗೆಯಲ್ಲಿಟ್ಟಳು.

ಭಾನುವಾರ ಫೋನ್ ಸದ್ದು ಮಾಡಿದಾಗ ಅವಳು ಓಡಲಿಲ್ಲ. ಲುಸೆಯಾನೆ ಕೈ ಹಾಕಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂತಳು. ಮಗು ಎರಡೂ ಕೈಯಲ್ಲಿ ಫೋನ್ ಎತ್ತಿಕೊಂಡಿತು. ಪರದೆಯ ಮೇಲೆ ಬಿಸಿಲಿಗೆ ಕಪ್ಪಾದ ಸೆಮಿಸಿಯ ಮುಖ ಮೂಡಿತು.

"ಅಪ್ಪಾ," ಎಂದಳು ಅಕೊಸಿತಾ. ತಡೆದು ನೋಡಿದಳು. ಅಪ್ಪ ಅಲ್ಲೇ ಇದ್ದ. ಇನ್ನೊಮ್ಮೆ ಕರೆದಳು. ಆಗಲೂ ಇದ್ದ. ಆಮೇಲೆ ಅವಳ ಬಾಯಿ ನಿಲ್ಲಲಿಲ್ಲ. ಹಂದಿ ಮರಿ ಹಾಕಿದ್ದು, ಹಲ್ಲು ಬಿದ್ದದ್ದು, ಗೆಳತಿಯ ಜೊತೆ ಮಾತು ಬಿಟ್ಟದ್ದು ಎಲ್ಲ ಬಂತು. ಸೆಮಿಸಿ ಕಣ್ಣೊರೆಸಿಕೊಳ್ಳುತ್ತ ಕೇಳಿದ. ಕೆಲಸ ಬಿಡುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮಕ್ಕಳ ಕೈಗೆ ಆಟಗಳು ಬರುತ್ತವೆ. ಕೆಲವು ಡಬ್ಬಿಯಲ್ಲಿ, ಕೆಲವು ಫೋನಿನಲ್ಲೇ. ಚಿತ್ರ ಮುದ್ದಾಗಿದೆ ಎಂದು ಕೊಟ್ಟು ಅಡುಗೆಮನೆಗೆ ಹೋಗಬೇಡಿ. ಎಷ್ಟು ವಯಸ್ಸಿನವರಿಗೆ ಎಂದು ಬರೆದಿರುತ್ತದೆ, ಓದಿ. ಓದಲು ಬಾರದಿದ್ದರೆ ಓದಿಸಿ ಕೇಳಿ. ಉಡುಗೊರೆ ಕಳಿಸುವವರು ಗುರುತಿರುವ ಹೊದಿಕೆಯನ್ನಾದರೂ ಜೊತೆಗೆ ಕಳಿಸಿ. ದೊಡ್ಡವರ ಆಟವಾದರೆ ದೊಡ್ಡವರೇ ಆಡಿ, ನಾಚಿಕೆ ಬೇಡ, ಒಳ್ಳೆಯದು ಬಹಳ ಇದೆ. ಮಗು ಆಡುವಾಗ ಒಂದಿಷ್ಟು ಹೊತ್ತು ಪಕ್ಕದಲ್ಲಿ ಕೂತು ನೋಡಿ. ಆಟದಲ್ಲಿ ಅದು ಎಲ್ಲಿ ನಿಂತುಬಿಟ್ಟಿದೆ, ಯಾರಿಗಾಗಿ ನಿಂತಿದೆ ಎಂದು ಕೇಳಿ.