ಬಕೆಟ್ಟಿನಲ್ಲಿ ಹಳ್ಳ ಹತ್ತಿದ ಮೀನು

ಜಾಂಬೋಟಿ ಕಡೆಯ ಆ ಊರಲ್ಲಿ ಒಂದು ಪದ್ಧತಿ. ಮದುವೆಯಾದ ಮೊದಲ ವರ್ಷ ಮಗಳು ಬಿತ್ತನೆಗೆ ತವರಿಗೆ ಬರಬೇಕು. ಆಕೆಯನ್ನು ತಿರುಗಿ ಕರೆದೊಯ್ಯಬೇಕೆಂದರೆ, ಹೊಸ ಮಳೆಗೆ ಹಳ್ಳದಲ್ಲಿ ಎದುರೇರಿ ಬರುವ ಮೀನನ್ನು ಅಳಿಯನೇ ಹಿಡಿದು ಅತ್ತೆಯ ಒಲೆಗೆ ಮುಟ್ಟಿಸಬೇಕು. ಮೀನಿಲ್ಲದೆ ಬಂದ ಅಳಿಯನಿಗೆ ಚಹಾ ಸಿಗುತ್ತದೆ, ಹೆಂಡತಿ ಸಿಗುವುದಿಲ್ಲ.

ಯಲ್ಲೇಶನಿಗೆ ಹೆಂಡತಿ ತುರ್ತಾಗಿ ಬೇಕಿತ್ತು. ಬೆಳಗಾವಿಯ ರಾಮತೀರ್ಥ ನಗರದ ಬಾಡಿಗೆ ಮನೆಯಲ್ಲಿ ಅವನು ಮಾಡಿಕೊಂಡ ಪಲ್ಯವನ್ನು ಬೀದಿನಾಯಿಯೂ ಮೂಸಿ, ಕ್ಷಮಿಸಿ ಮುಂದೆ ಹೋಗಿತ್ತು. ಎಸ್‌ಟಿಡಿ ಬೂತಿನಿಂದ ಮಾತಾಡಿದಾಗ ಹೆಂಡತಿ ಮನಿಷಾ, "ಲಗೂ ಬರ್ರಿ, ನನಗೂ ಬ್ಯಾಸರಾಗೈತಿ" ಎಂದಿದ್ದಳು.

ಆದರೆ ಹಿಂದಿನ ವರ್ಷ ಹಳ್ಳಕ್ಕೆ ಅಡ್ಡಲಾಗಿ ನೀರು ನಿಲ್ಲಿಸುವ ಗೋಡೆ, ಬಾಂದಾರ, ಎದ್ದಿತ್ತು. ಮದುವೆಯ ಮಾತುಕತೆ ನಡೆದಾಗಲೇ ತಾನು ಕೆಲಸ ಮಾಡುವ ನೀರಾವರಿ ಕಚೇರಿಯಲ್ಲಿ ವಶೀಲಿ ಹಚ್ಚಿ ಅದನ್ನು ಮಂಜೂರು ಮಾಡಿಸಿ, ಊರವರಿಂದ ಹಾರ ಹಾಕಿಸಿಕೊಂಡವನು ಯಲ್ಲೇಶನೇ. ಈಗ ಮೀನುಗಳು ಆಳೆತ್ತರದ ಗೋಡೆಗೆ ಹಾರಿ, ತಲೆ ಬಡಿದುಕೊಂಡು ಕೆಳಗೇ ಬೀಳುತ್ತಿದ್ದವು. ಮೇಲಿನ ನಿಂತ ನೀರಲ್ಲಿ ಯಾರೋ ತಂದು ಬಿಟ್ಟ ಜಿಲೇಬಿ ಮೀನಿನದೇ ಸಂಸಾರ. ಯಲ್ಲೇಶ ಅದರಲ್ಲೊಂದನ್ನು ಹಿಡಿದು ಒಯ್ದ.

ಅತ್ತೆ ಮಾಯಕ್ಕ ಅದನ್ನು ಬಾಲ ಹಿಡಿದು ಎತ್ತಿದಳು. "ಇದು ಯಾವ ನೀರು ಹತ್ತೇತ್ರಿ ಅಳಿಯಾರ? ಕುಂತಲ್ಲೇ ಕುಂತು ಮರಿ ಮಾಡೂದಷ್ಟ ಗೊತ್ತ ಇದಕ್ಕ. ಹತ್ತಿ ಬಂದಿದ್ದು ತರ್ರಿ."

"ಗ್ವಾಡಿ ಅಡ್ಡ ಐತಲ್ರಿ ಅತ್ತಿ, ಹೆಂಗ ಹತ್ತತಾವ?"

"ಗ್ವಾಡಿ ಯಾರು ತಂದ್ರು?"

ಯಲ್ಲೇಶ ಬಕೆಟ್ ತೆಗೆದುಕೊಂಡು ಹೊರಟ. ಗೋಡೆಯ ಕೆಳಗೆ ಮೀನು ಹಿಡಿದು, ಮೆಟ್ಟಿಲು ಹತ್ತಿ ಮೇಲೆ ತಂದು, ಪದ್ಧತಿಗೆ ಕುಂದು ಬಾರದಂತೆ ನೀರಿಗೆ ಬಿಟ್ಟು, ಮತ್ತೆ ಹಿಡಿಯುವುದೆಂದು ಅವನ ಲೆಕ್ಕ. ಬಿಟ್ಟ. ಮೀನು ಹಿಂತಿರುಗಿಯೂ ನೋಡದೆ ಹಳ್ಳದ ಮೇಲ್ಗಡೆ ಕಣಕುಂಬಿಯ ದಾರಿ ಹಿಡಿಯಿತು. ಇನ್ನೊಂದು ತಂದ, ಅದೂ ಹೋಯಿತು. ಅಷ್ಟರಲ್ಲಿ ಊರೇ ದಡದಲ್ಲಿ ಬಂದು ಕೂತಿತ್ತು.

"ಸರ್ಕಾರಿ ಮಂದಿ ನೋಡ್ರಿ," ಎಂದ ಮನಿಷಾಳ ಅಣ್ಣ ಗಜಾನನ, "ಮೀನಿಗೂ ಲಿಫ್ಟ್ ಹಚ್ಚ್ಯಾರ!"

ಸಂಜೆಯ ಹೊತ್ತಿಗೆ ಯಲ್ಲೇಶನ ಪ್ಯಾಂಟು ಮೊಣಕಾಲಿಗೆ ಏರಿತ್ತು, ಮರ್ಯಾದೆ ಅದಕ್ಕಿಂತ ಕೆಳಗೆ ಇಳಿದಿತ್ತು. ಮಾಯಕ್ಕ ಬಂದು, ಅವನು ಬಿಟ್ಟ ಮೀನುಗಳು ಗದ್ದೆಯ ಕಾಲುವೆಗೆ ನುಗ್ಗಿ ತತ್ತಿಗೆ ಜಾಗ ಹುಡುಕುವುದನ್ನು ನೋಡುತ್ತ ನಿಂತಳು.

"ಇನ್ನ ಹಿಡೀಬ್ಯಾಡ್ರಿ," ಎಂದಳು. "ಮುಂದಿನ ಅಳಿಯಾಗೂ ಒಂದೀಟು ಮೀನು ಇರಲಿ. ಮಗಳನ್ನ ಕರಕೊಂಡು ಹೋಗ್ರಿ. ಖರೆ, ಕೆಳಗ ಉಳದಾವಲ್ಲ, ಅವನ್ನೂ ಹತ್ತಿಸಿ ಹೋಗೂದು."

ಕೆಳಗೆ ನೀರು ಮೀನಿನಿಂದ ಕುದಿಯುತ್ತಿತ್ತು. ಮನಿಷಾ ಸೀರೆ ಎತ್ತಿ ಕಟ್ಟಿ, ಇನ್ನೊಂದು ಬಕೆಟ್ ಹಿಡಿದು ನೀರಿಗಿಳಿದಳು.

"ಏನ್ ನೋಡ್ಕೋತ ನಿಂತೀರಿ? ಒಂದೊಂದಕ್ಕ ತಲಿ ಸವರಿ ಬಿಡಬ್ಯಾಡ್ರಿ, ಬೆಳಗಾವಿ ಬಸ್ಸಿಗೆ ಹೊತ್ತಾತು!"