ಕಡಕ್ ರೊಟ್ಟಿಯ ಕಾಲು ಭಾಗ

ಮೂರೇ ರೆಕ್ಕೆ, ಬಸ್ಸಿನ ಕಿಟಕಿಯಾಚೆ ಗುಡ್ಡದ ಮೇಲಿನ ಗಾಳಿಯಂತ್ರಕ್ಕೆ ಮೂರೇ ರೆಕ್ಕೆ, ಒಂದು ಚಕ್ರವನ್ನು ಮೂರು ಸಮಪಾಲು ಮಾಡಿಟ್ಟ ಹಾಗೆ — ಹಿಡಿದುಕೋ ಶಿವಲಕ್ಷ್ಮಿ, ಮೂರನೇ ಒಂದು, ಭಿನ್ನರಾಶಿಗೆ ಇನ್ನೇನು ಬೇಕು, ಗಣಿತವೂ ಆಯಿತು, ಗಾಳಿ ಅಂದರೆ ಪರಿಸರ ಪಾಠವೂ ಆಯಿತು, ಕನ್ನಡಕ್ಕೆ ನಾಲ್ಕು ಸಾಲು ಬರೆಸಿದರೆ ಮುಗಿಯಿತು, ಆದರೆ ಅದು ಗರಗರ ತಿರುಗುತ್ತಿದೆ, ತಿರುಗುವುದನ್ನು ಮಕ್ಕಳು ಹೇಗೆ ಪಾಲು ಮಾಡಬೇಕು, ಹಾಳಾಗಲಿ, ಮತ್ತೆ ಮೊಬೈಲೇ ಗತಿ. ಹಿರೇವಡ್ಡಟ್ಟಿ ಬರುವಷ್ಟರಲ್ಲಿ ಒಂದು ಪಾಠ ಸಿಗಲೇಬೇಕು, ಶಾಲೆ ಒಲ್ಲೆ ಎಂದ ಹುಡುಗಿ ಭಾಗ್ಯಾ ಮತ್ತೆ ಬರುವಂಥ ಪಾಠ. ಸೃಜನಶೀಲ ಪಾಠಯೋಜನೆ, ನಾಲ್ಕನೇ ತರಗತಿ, ಎಂದು ಶಿವಲಕ್ಷ್ಮಿ ಬೆಳಗಿನಿಂದ ಹುಡುಕುತ್ತಲೇ ಇದ್ದಾಳೆ, ಬೆಟಗೇರಿಯ ಮನೆಯಲ್ಲಿ ಚಹಾ ಆರಿಹೋಯಿತು, ಸಿಗುವುದೆಲ್ಲ ಇಂಥವೇ — ವಿಜ್ಞಾನಕ್ಕೆ ಹತ್ತಿಯಿಂದ ಹಿಮದ ಮನುಷ್ಯನನ್ನು ಮಾಡಿಸಿರಿ, ಹತ್ತಿಗೇನು ಬರ, ಹೊಲದ ತುಂಬ ಹತ್ತಿಯೇ, ಹಿಮ ಯಾರಪ್ಪ ಕಂಡಿದ್ದಾನೆ, ಇತಿಹಾಸಕ್ಕೆ ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ, ಯಾವ ಗಾಡಿಯಲ್ಲಿ, ಭೂಗೋಳಕ್ಕೆ ಪ್ರೊಜೆಕ್ಟರ್ ಹಚ್ಚಿರಿ, ಕರೆಂಟು ಯಾರು ಕೊಡುತ್ತಾರೆ, ಗಣಿತಕ್ಕೆ ಪಿಜ್ಜಾ ಕತ್ತರಿಸಿರಿ. ಈ ಪಿಜ್ಜಾದ ಮನೆ ಹಾಳಾಗ, ಇದರಿಂದಲೇ ಅಲ್ಲವೇ ಎಲ್ಲ ಆದದ್ದು, ಪಿಜ್ಜಾ ಇಲ್ಲಂದ್ರ ಏನಾತು, ರೊಟ್ಟಿ ತರಸ್ರಿ, ನಮ್ಮ ಸಾಲ್ಯಾಗ ಹುಡುಗ್ರು ಭಾಳ ಖುಷಿ ಪಟ್ರು, ಎಂದು ಲಕ್ಷ್ಮೇಶ್ವರದಿಂದ ನಂದೀಶ ಶಿಕ್ಷಕರ ಗುಂಪಿನಲ್ಲಿ ಫೋಟೋ ಹಾಕಿದ್ದ, ಶಿರಹಟ್ಟಿಯವರು ಮುಂಡರಗಿಯವರು ಎಲ್ಲ ಚಪ್ಪಾಳೆ ಒತ್ತಿದರು, ಅವಳೂ ಒತ್ತಿದಳು, ಒತ್ತಿದ್ದಷ್ಟೇ ಅಲ್ಲ, ನಾಳೆ ಎಲ್ಲಾರೂ ಒಂದೊಂದ ರೊಟ್ಟಿ ತರ್ರಿ ಎಂದು ಮಕ್ಕಳಿಗೆ ಹೇಳಿಯೂಬಿಟ್ಟಳು.

ನಿನ್ನೆ ತಂದರು ಪಾಪ. ಬಟ್ಟೆಯಲ್ಲಿ ಸುತ್ತಿ, ತಾಟಿನಲ್ಲಿಟ್ಟು, ಒಬ್ಬ ಅಂಗಿಯೊಳಗೆ ಬಚ್ಚಿಟ್ಟುಕೊಂಡು. ಮೆತ್ತನೆಯ ರೊಟ್ಟಿಗೆ ಅವಳು ಕತ್ತರಿ ಹಚ್ಚಿದಳು, ಬಣ್ಣದ ಕಾಗದ ಕತ್ತರಿಸುವ ಅದೇ ಅಂಟಂಟು ಕತ್ತರಿ, ಅರ್ಧ, ಕಾಲು, ಮುಕ್ಕಾಲು, ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು, ರೊಟ್ಟಿಗೆ ಕತ್ತರಿ ಹಚ್ಚತಾರೇನ್ರಿ ಅಕ್ಕಾರ, ಎಂದು ಹಿಂದಿನಿಂದ ಯಾರೋ ಅಂದರು, ಆಗಲೇ ಕೈ ಬಿಡಬೇಕಿತ್ತು, ಬಿಡಲಿಲ್ಲ. ಭಾಗ್ಯಾ ತಂದದ್ದು ಕಡಕ್ ರೊಟ್ಟಿ. ಹೊಲಕ್ಕೆ ಹೋಗುವ ಅವಳ ತಾಯಿ ಬೀರವ್ವ ವಾರಕ್ಕೊಮ್ಮೆ ತಟ್ಟಿ ಒಣಗಿಸಿಡುವವಳು, ಮಗಳಿಗೆ ಇನ್ನೆಂಥದು ಕಟ್ಟಿಕೊಟ್ಟಾಳು, ಮತ್ತು ಶಿವಲಕ್ಷ್ಮಿ ತಾನಾದರೂ ದಿನಾ ಮಧ್ಯಾಹ್ನ ಪಟಪಟ ಮುರಿದು ತಿನ್ನುವುದು ಅದನ್ನೇ ತಾನೇ, ಕತ್ತರಿ ತಾಗಿದರೆ ಪುಡಿಯಾಗುತ್ತದೆ ಎಂದು ತಿಳಿಯಬಾರದಿತ್ತೇ, ತಲೆಯಲ್ಲಿ ಏನಿತ್ತು, ಪಿಜ್ಜಾ ಇತ್ತು. ಚಟ್ಟನೆ ಚೂರಾಯಿತು. ಎಲ್ಲರೂ ನಕ್ಕರು. ಮೆತ್ತಂದು ತರಬೇಕಿಲ್ಲೇನ ಭಾಗ್ಯಾ, ಎಂದಳು, ತನ್ನದೇ ಆ ದನಿ ಈಗ ಕಿವಿಯಲ್ಲಿ ಚುಚ್ಚುತ್ತದೆ. ಹುಡುಗಿ ಅಳಲಿಲ್ಲ, ನೆಲಕ್ಕೆ ಬಿದ್ದ ಚೂರು ಒಂದೊಂದೇ ಆಯ್ದು ಕಣ್ಣಿಗೆ ಒತ್ತಿಕೊಂಡು ಡೆಸ್ಕಿನ ಮೇಲೆ ಜೋಡಿಸುತ್ತ ಕುಳಿತಳು, ಮೂಲೆಗೆ ಮೂಲೆ, ಅಂಚಿಗೆ ಅಂಚು, ಹೊರಗೆ ಹೆಡ್‌ಮಾಸ್ತರು ಚನ್ನಬಸವಣ್ಣನವರು ಕೆಮ್ಮುತ್ತಿದ್ದರು, ಏನ್ರಿ ಅಕ್ಕಾರ, ಇದೇನ ಸಾಲಿಯೋ ಖಾನಾವಳಿಯೋ, ಶಿವಲಕ್ಷ್ಮಿ ಮೇಜಿನ ಮೇಲಿನ ಕಾಗದದ ಚೂರು, ಅದರೊಳಗೆ ಇನ್ನೇನಿದೆ ಎಂದೂ ನೋಡದೆ, ಗುಡಿಸಿ ಕಸದ ಬುಟ್ಟಿಗೆ ಸುರಿದಳು, ಆಗಲೇ ಭಾಗ್ಯಾ ಎದ್ದು ನಿಂತು, ಜೂನಿನಿಂದ ಹಾಜರಿಗೆ ಬಿಟ್ಟರೆ ಬಾಯಿ ತೆರೆಯದ ಹುಡುಗಿ, ಅಕ್ಕಾರ, ಇದರಾಗ ಒಂದ ತುಂಡ ಕಡಿಮಿ ಐತ್ರಿ, ಎಲ್ಲಿ ಹೋತ್ರಿ, ಎಂದು ಕೇಳಿದಳು.

ಸುಮ್ಮ ಕುಂಡ್ರು. ಶಿವಲಕ್ಷ್ಮಿ ಅಷ್ಟೇ ಅಂದದ್ದು. ಭಾಗ್ಯಾ ಬುಟ್ಟಿಯ ಕಡೆ ನೋಡಿದಳು. ಇವತ್ತು ಬೆಳಿಗ್ಗೆ ಬೀರವ್ವನ ಫೋನು, ಅಕ್ಕಾರ, ಹುಡುಗಿ ಸಾಲಿಗೆ ಒಲ್ಲೆ ಅನ್ನಾಕತ್ತಾಳ್ರಿ, ನಮ್ಮ ರೊಟ್ಟಿ ಕಸದಾಗ ಒಗದ್ರಂತ, ಖರೇನ್ರಿ, ಅಂದಾಗ, ಬಸ್ಸಿಗೆ ಹೊತ್ತಾತವ್ವಾ, ಬಂದ ಮ್ಯಾಲೆ ಮಾತಾಡ್ತೀನಿ ಎಂದು ಇಟ್ಟುಬಿಟ್ಟಳು, ಥೂ. ಈಗ ಯಾವ ಪಾಠ ಹುಡುಕುತ್ತೀ, ಕೋಲಿನ ಬೊಂಬೆ, ಎಲೆಯ ಮುದ್ರೆ, ಹಾಡಿನ ಮಗ್ಗಿ, ಬೆರಳು ಒತ್ತುತ್ತಲೇ ಇದೆ, ಒಂದರ ಕೆಳಗೆ ಇನ್ನೊಂದು, ಯಾವುದರಲ್ಲಿಯೂ ಬೀರವ್ವನ ಬಾಗಿಲಲ್ಲಿ ನಿಂತು ಏನು ಹೇಳಬೇಕೆಂದು ಬರೆದಿಲ್ಲ, ಒಂದು ಇಡಿಯನ್ನು ಎಷ್ಟು ಚೂರು ಮಾಡಿದರೂ ಎಲ್ಲ ಕೂಡಿದರೆ ಮತ್ತೆ ಒಂದು, ಇಡೀ ವರ್ಷ ಕಲಿಸಬೇಕೆಂದು ಒದ್ದಾಡಿದ್ದು ಇದನ್ನೇ, ಅದನ್ನು ಭಾಗ್ಯಾ ತಾನೇ ಜೋಡಿಸಿ ಮಾಡಿ, ಉಳಿದ ತುಂಡೆಲ್ಲಿ ಎಂದು ಕೇಳಿದ್ದಳಲ್ಲ, ಕೇಳಿದ್ದಳಲ್ಲ — ಇಳೀರಿ ಅಕ್ಕಾರ, ಹಿರೇವಡ್ಡಟ್ಟಿ ಬಂತು, ಕಂಡಕ್ಟರು ಕೂಗುತ್ತಿದ್ದಾನೆ, ಏಳಬೇಕು, ಏಳಲಾಗುತ್ತಿಲ್ಲ, ಕಣ್ಣೆದುರು ಆ ಡೆಸ್ಕಿನ ಮೇಲೆ ಚೂರು ಚೂರು ಕೂಡಿ ದುಂಡಗಾದ ರೊಟ್ಟಿ, ಅಂಚಿನಲ್ಲಿ ಒಂದು ತುಂಡಿನಷ್ಟು ಜಾಗ, ಆ ಜಾಗದಲ್ಲಿ ಬರೀ ಡೆಸ್ಕಿನ ಕಟ್ಟಿಗೆ ಕಾಣುತ್ತಿದೆ.