ನಾಲ್ಕನೇ ನಂಬರ್ ಲಾರಿಯ ಟೈರು ಸರಿ ಇದೆ

ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಆರು ಲಾರಿಗಳ ಒಂದು ಸಾಗಣೆ ಕಂಪನಿಯು ಸೋಮವಾರ ಬೆಳಗ್ಗೆ, ಮಾಲೀಕರ ಘನ ಉಪಸ್ಥಿತಿಯಲ್ಲಿ, ಮೂರು ಪೆನ್ನುಗಳನ್ನು ಖರೀದಿಸಿತು. ಒಂದು ನೀಲಿ. ಒಂದು ಕಪ್ಪು. ಮೂರನೆಯದೂ ನೀಲಿಯೇ, ಆದರೆ ಸ್ವಲ್ಪ ಮಾಸಲು.

ಮಾಸಲು ನೀಲಿ ಯಾಕೆ ಬೇಕಾಯಿತೆಂದರೆ, ಹೊಸ ನಿಯಮ ಬಂದಿತ್ತು. ಇನ್ನು ಮುಂದೆ ಪ್ರತಿ ಲಾರಿ ಕಂಪನಿಗೂ ಸುರಕ್ಷತೆಯ ದರ್ಜೆ: ಹಸಿರು, ಹಳದಿ, ಕೆಂಪು. ದಿನಾ ಹೊರಡುವ ಮುಂಚೆ ಬ್ರೇಕು, ಟೈರು, ದೀಪ ನೋಡುತ್ತೀರಾ, ಡ್ರೈವರಿಗೆ ಕಣ್ತುಂಬ ನಿದ್ದೆ ಮಾಡುವಷ್ಟು ಬಿಡುವು ಕೊಡುತ್ತೀರಾ, ಎಲ್ಲಕ್ಕೂ ಅಂಕ. ಕೆಂಪು ಬಂದರೆ ದೊಡ್ಡ ಕಾರ್ಖಾನೆಗಳು ಲೋಡು ಕೊಡುವುದಿಲ್ಲ. ತಪಾಸಣೆಗೆ ಬಂದವರಿಗೆ ಮೂರು ತಿಂಗಳ ಹಾಳೆ ತೋರಿಸಬೇಕು. ಕಂಪನಿಯಲ್ಲಿ ಹಾಳೆಗಳೇನೋ ಇದ್ದವು. ಖಾಲಿ ಇದ್ದವು.

"ತಪಾಸಣೆ ಬುಧವಾರ," ಎಂದರು ಮಾಲೀಕರು. "ಮೂರು ತಿಂಗಳು ಎರಡು ದಿನದಲ್ಲಿ ಕಳೀಬೇಕು. ತಿಂಗಳಿಗೊಂದು ಪೆನ್ನು. ಮಾಮ, ನಿಮ್ಮ ಕೈಯಲ್ಲೇ ಆಗೋ ಕೆಲಸ ಇದು."

ಅವನನ್ನು ಎಲ್ಲರೂ ಕರೆಯುವುದು 'ಸರಿ ಮಾಮ' ಅಂತ. ಅಲ್ಲಿನ ಹಿರಿಯ ಡ್ರೈವರ್, ಬೆಳಗ್ಗೆ ಲಾರಿಗಳನ್ನು ಹೊರಡಿಸುವವನೂ ಅವನೇ. ಅಕ್ಷರ ಮುತ್ತಿನಂತೆ. ಇಪ್ಪತ್ತಾರು ವರ್ಷದಲ್ಲಿ ಅವನ ಲಾರಿಗೆ ಒಂದು ಗೀರು ಬಿದ್ದಿಲ್ಲ. ಬೇರೆಯವರು ಬಂದು "ಮಾಮ, ಗೇರು ಕಿರುಗುಟ್ತಿದೆ", "ಮಾಮ, ಟೈರು ಬೋಳಾಗಿದೆ" ಎಂದರೆ ಅವನದು ಒಂದೇ ಮಾತು: "ಸರಿ ಇದೆ, ನಡಿ."

ಸಂಜೆ ಅವನು ಊಟದ ಮೇಜಿನ ತುಂಬ ಹಾಳೆ ಹರಡಿಕೊಂಡು ಕೂತ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದವಳು ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟುಕೊಂಡು ನೋಡಿದಳು.

"ಏನ್ರೀ, ಪರೀಕ್ಷೆ ಕಟ್ಟಿದ್ದೀರಾ?"

"ತಪಾಸಣೆ ಹಾಳೆ ಕಣೇ. ಮೂರು ತಿಂಗಳದ್ದು."

"ಮೂರು ತಿಂಗಳದ್ದು ಇವತ್ತು ಬರೀತಿದ್ದೀರಾ? ನಾನು ವಾರ್ಡಲ್ಲಿ ಒಂದೇ ಸಲ ಕೂತು ಇಡೀ ವಾರದ ಜ್ವರ ಬರೆದಿಟ್ರೆ ಹೇಗಿರತ್ತೆ?"

"ಅಲ್ಲಿ ಮನುಷ್ಯರಿರ್ತಾರೆ."

"ಲಾರೀಲಿ ಕೂರೋದೇನು, ಮೂಟೆನಾ?"

"ಮೂಟೆ ಹಿಂದುಗಡೆ ಕೂರತ್ತೆ," ಎಂದು ಅವನು ನಕ್ಕ.

ಅವಳು ನಗಲಿಲ್ಲ. "ನೋಡ್ಕೊಳಿ. ಕಣ್ಣು ಎಲ್ಲೋ ಇಟ್ಟು ಕೈ ಓಡಿಸಿದ್ರೆ, ಮನೆಗೆ ಹೋದ ರೋಗಿಗೂ ಜ್ವರ ಬರೆದಿರ್ತೀವಿ. ನಿಮ್ಮ ಹಾಳೆ ಇರೋದು ತಪಾಸಣೆಯವರಿಗೆ ತೋರಿಸೋಕಲ್ಲ. ಏನು ಕೆಟ್ಟಿದೆ ಅಂತ ಬರೆದ್ರೆ ರಿಪೇರಿ ಆಗತ್ತೆ. ಎಲ್ಲಾ ಸರಿ ಅಂದ್ರೆ ಯಾವುದನ್ನ ರಿಪೇರಿ ಮಾಡ್ತಾರೆ?"

"ಕೆಟ್ಟಿದೆ ಅಂತ ಇಂಟು ಮಾರ್ಕು ಹಾಕಿದ್ರೆ ಲಾರಿ ನಿಲ್ಲತ್ತೆ. ಲಾರಿ ನಿಂತ್ರೆ ಓನರ್ ನನ್ನನ್ನ ಮನೇಲಿ ನಿಲ್ಲಿಸ್ತಾರೆ. ನಿನಗೇನು ಗೊತ್ತು?"

ಅವಳು ಕಾಲು ಒರೆಸಿಕೊಂಡು ಒಳಗೆ ಹೋದಳು. ಅವನ ಕೈ ಓಡಿತು. ಬ್ರೇಕು ಸರಿ, ಟೈರು ಸರಿ, ದೀಪ ಸರಿ. ನೀಲಿ ಮುಗಿದು ಕಪ್ಪು ಪೆನ್ನು ಬಂತು. ನಾಲ್ಕನೇ ನಂಬರ್ ಲಾರಿ, ಹದಿನಾರನೇ ತಾರೀಖು. ಅಲ್ಲಿ ಕೈ ನಿಂತಿತು.

ಆ ಲಾರಿಯ ಡ್ರೈವರ್ ಮಾತು ಕಡಿಮೆ. ಅದಕ್ಕೇ ಎಲ್ಲರಿಗೂ 'ಮೌನಿ'. ಆ ದಿನ ಮಾತ್ರ ಅವನು ಎರಡು ಸಲ ಬಂದಿದ್ದ. "ಮಾಮ, ಬ್ರೇಕ್ ಪೆಡಲ್ ತಳಕ್ಕೆ ಹೋಗ್ತಿದೆ." ಮಾಮ ತಲೆ ಎತ್ತದೆ ಅಂದಿದ್ದ: "ಸರಿ ಇದೆ, ನಡಿ." ಎರಡು ಗಂಟೆಯ ಮೇಲೆ ಆ ಲಾರಿ ಇಳಿಜಾರಿನಲ್ಲಿ ಗೋದಾಮಿನ ಗೋಡೆಗೆ ಗುದ್ದಿತು. ಮೌನಿಯ ಬಲಗೈ ಮುರಿಯಿತು. ಆ ಗೋಡೆಯ ನೆರಳಿನಲ್ಲಿ ಕೂಲಿಯವರು ಊಟಕ್ಕೆ ಕೂರುತ್ತಿದ್ದರು. ಅವತ್ತು ಇನ್ನೂ ಬಂದಿರಲಿಲ್ಲ, ಅಷ್ಟೇ. ಮೌನಿ ಯಾರಿಗೂ ಏನೂ ಹೇಳಲಿಲ್ಲ. ಮಾಮನೂ ಹೇಳಲಿಲ್ಲ. ಹೆಂಡತಿಗೂ.

ಅವನು ಆ ಚೌಕದಲ್ಲಿ ಬರೆದ: ಬ್ರೇಕು ಸರಿ. ಆಮೇಲೆ ಕೈ ನಿಲ್ಲಲಿಲ್ಲ. ನಿಂತರೆ ಯೋಚನೆ ಬರುತ್ತದೆ ಎಂಬ ಹೆದರಿಕೆಯಿಂದ ಅದು ಮಂಗಳವಾರದವರೆಗೂ ಓಡಿತು.

ಬುಧವಾರ ತಪಾಸಣೆಯ ಅಧಿಕಾರಿ ಬಂದರು. ಕೈಯಲ್ಲಿ ಟಾರ್ಚು, ಕಾಲಲ್ಲಿ ಮಣ್ಣಿಗೆ ಹೆದರದ ಬೂಟು. ಮಾಲೀಕರು ಹಾಳೆಯ ಕಟ್ಟನ್ನು ಎರಡೂ ಕೈಯಲ್ಲಿ ಒಪ್ಪಿಸಿದರು. ಹಳೆಯದು ಕಾಣಲೆಂದು ಅಲ್ಲಲ್ಲಿ ತಾವೇ ಚಹಾ ಲೋಟ ಒತ್ತಿ ಉಂಗುರ ಮೂಡಿಸಿದ್ದರು.

ಅಧಿಕಾರಿ ಸುಮ್ಮನೆ ಹಾಳೆ ತಿರುವಿದರು. "ತುಂಬಾ ನೀಟಾಗಿದೆ. ಬನ್ನಿ, ನಾಲ್ಕನೇ ನಂಬರ್ ಲಾರಿ ತೋರಿಸಿ."

"ಅದು ಸ್ವಲ್ಪ ವಿಶ್ರಾಂತೀಲಿದೆ ಮೇಡಂ."

ವಿಶ್ರಾಂತಿ ಗಾಢವಾಗಿತ್ತು. ಶೆಡ್ಡಿನ ಹಿಂದೆ, ಮರದ ದಿಮ್ಮಿಗಳ ಮೇಲೆ, ಐದು ವಾರದಿಂದ ಲಾರಿ ನಿಂತಿತ್ತು. ಒಂದು ಚಕ್ರವೂ ಇರಲಿಲ್ಲ. ಮುಂದಿನ ಚಕ್ರ ಇರಬೇಕಾದ ಜಾಗದಲ್ಲಿ ಬೆಕ್ಕು ಮಲಗಿತ್ತು.

ಅಧಿಕಾರಿ ಗಟ್ಟಿಯಾಗಿ ಓದಿದರು. "ನಿನ್ನೆ, ಮಂಗಳವಾರ. ಟೈರು ಸರಿ. ಗಾಳಿ ಸರಿ." ಬೆಕ್ಕನ್ನು ನೋಡಿದರು. "ಗಾಳಿ ಚೆನ್ನಾಗೇ ಇದೆ. ಟೈರೆಲ್ಲಿ?"

ಮಾಲೀಕರು ನೆಲದಲ್ಲಿ ಬಿದ್ದಿದ್ದ ಒಂದು ನಟ್ಟನ್ನು ಜೀವಮಾನದಲ್ಲಿ ಮೊದಲ ಸಲ ಕಂಡವರಂತೆ ನೋಡತೊಡಗಿದರು.

"ಹದಿನಾರನೇ ತಾರೀಖು ಬ್ರೇಕು ಸರಿ ಅಂತಿದೆ. ಗೋದಾಮಿನವರ ದೂರಿನ ಪ್ರಕಾರ ಅವತ್ತೇ ಗೋಡೆಗೆ ಗುದ್ದಿದೆ. ಹೊರಡೋ ಮುಂಚೆ ಬ್ರೇಕಿನ ಬಗ್ಗೆ ಯಾರೂ ಹೇಳಿರ್ಲಿಲ್ವಾ?"

ಮೌನಿ ಕತ್ತಿಗೆ ಪಟ್ಟಿ ಕಟ್ಟಿ ಕೈ ನೇತುಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ಮಾಮನ ಕಡೆ ನೋಡಲಿಲ್ಲ. "ನಾನು ಯಾರಿಗೂ ಹೇಳಿರ್ಲಿಲ್ಲ ಮೇಡಂ. ತಪ್ಪು ನಂದೇ."

ಅವನು ಬೈದಿದ್ದರೆ ಮಾಮ ತಡೆದುಕೊಳ್ಳುತ್ತಿದ್ದ. ಎಲ್ಲರೆದುರು ಬೆರಳು ತೋರಿಸಿದ್ದರೂ ತಡೆದುಕೊಳ್ಳುತ್ತಿದ್ದ. ಆದರೆ ಈ ಮನುಷ್ಯ ಮುರಿದ ಕೈಯಲ್ಲಿ ಮಾಮನ ತಪ್ಪನ್ನು ಮುಚ್ಚಿಡುತ್ತಿದ್ದ. ಮಾಮನ ಕಿವಿ ಕಾದವು. ಗೀರು ಬೀಳದ ಇಪ್ಪತ್ತಾರು ವರ್ಷ ಅಲ್ಲೇ, ಆ ದಿಮ್ಮಿಗಳ ಪಕ್ಕದಲ್ಲಿ, ಕುಸಿದು ಕೂತಿತು.

"ಹೇಳಿದ್ದ," ಎಂದ. "ನನಗೆ ಹೇಳಿದ್ದ. ಎರಡು ಸಲ. ನಾನೇ ಸರಿ ಇದೆ ನಡಿ ಅಂದೆ. ಈ ಹಾಳೆ ಬರೆದೋನೂ ನಾನೇ."

ಕಂಪನಿಗೆ ಕೆಂಪು ದರ್ಜೆ ಬಂತು. ಎರಡು ತಿಂಗಳ ನಂತರ ಮರುತಪಾಸಣೆ.

ಮನೆಯಲ್ಲಿ ಎಲ್ಲವನ್ನೂ ಹೇಳಿಕೊಂಡ. ಹೆಂಡತಿ ಬೈಯಲಿಲ್ಲ. "ಅವನಿಗೆ ಬೆರಳು ಮಡಚೋಕೆ ಬರ್ತಿದೆಯಾ?" ಎಂದು ಕೇಳಿದಳು.

"ಗೊತ್ತಿಲ್ಲ. ಕೇಳಿಲ್ಲ."

"ಐದು ವಾರದಿಂದ ದಿನಾ ನೋಡ್ತಿದ್ದೀರಿ. ಕೇಳಿಲ್ವಾ?"

ಅವನು ಮೇಜಿನ ಮೇಲೆ ಉಳಿದಿದ್ದ ಮಾಸಲು ನೀಲಿ ಪೆನ್ನನ್ನು ಕಸದ ಬುಟ್ಟಿಗೆ ಹಾಕಿದ.

"ನಾಳೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ನೀವೇ ಬರಬೇಕು."

ಮರುದಿನದಿಂದ ಮೌನಿಯ ಕೈಗೆ ವ್ಯಾಯಾಮ, ಮಾಮನ ಕಣ್ಣಿಗೆ ವ್ಯಾಯಾಮ. ಲೋಡು ನಿಂತ ಮೇಲೆ ಮಾಲೀಕರಿಗೂ ಕಿವಿ ಕೇಳಿಸತೊಡಗಿತು. ಗೋಡೆಯ ಮೇಲೆ ಬರೆಸಿದರು: ಇಂಟು ಹಾಕಿದ ಡ್ರೈವರನ್ನು ಯಾರೂ ಬೈಯಬಾರದು. ಇಂಟು ಬಿದ್ದ ಲಾರಿ ರಿಪೇರಿ ಆಗದೆ ಗೇಟು ದಾಟಬಾರದು. ಮೌನಿ ಲಾರಿಯ ಹಿಂದೆ ನಿಂತು ಏನು ಸರಿ, ಏನು ಕೆಟ್ಟಿದೆ ಎಂದು ಕೂಗುತ್ತಿದ್ದ, ಮಾಮ ನೋಡಿ ಬರೆಯುತ್ತಿದ್ದ. ಹಾಳೆಗಳಿಗೆ ಚಹಾ ಉಂಗುರ ಬೇಕಾಗಲಿಲ್ಲ, ಗ್ರೀಸು ತಾನಾಗಿಯೇ ಮೆತ್ತಿಕೊಂಡಿತು.

ಮರುತಪಾಸಣೆಯ ದಿನ ಮಾಲೀಕರು ಮಹಾಯೋಜನೆ ಹಾಕಿದರು. ಅಧಿಕಾರಿ ಬರುವ ಹೊತ್ತಿಗೆ, ರಿಪೇರಿಯಾಗಿ ಬಂದ ನಾಲ್ಕನೆಯದೂ ಸೇರಿ, ಆರೂ ಲಾರಿ ಸಾಲಾಗಿ ಗೇಟು ದಾಟಬೇಕು. ಮುಂದೆ ಬ್ಯಾನರು, ಪಕ್ಕದಲ್ಲಿ ಫೋಟೋದವನು. ಸಾಲಿನಲ್ಲಿ ಮೊದಲು ಸರಿ ಮಾಮನ ಲಾರಿ.

"ಎಡಗಡೆ ಬ್ರೇಕ್ ಲೈಟು ಹತ್ತಲ್ಲ ಮಾಮ," ಎಂದ ಮೌನಿ.

ಮಾಲೀಕರು ಓಡಿ ಬಂದರು. "ಒಂದು ಬಲ್ಬು ಮಾಮ! ಒಂದೇ ಒಂದು ಬಲ್ಬು! ಫೋಟೋದವನು ಕಾಯ್ತಿದ್ದಾನೆ! ಸರಿ ಇದೆ, ನಡೀರಿ!"

ತನ್ನದೇ ಮಾತು ಬೇರೆಯವರ ಬಾಯಲ್ಲಿ ಕೇಳಿ ಮಾಮನಿಗೆ ಮೈ ಜುಮ್ಮೆಂದಿತು. ಅವನು ಗೋಡೆಯ ಬರಹ ನೋಡಿದ. ಹಾಳೆಯಲ್ಲಿ ದೊಡ್ಡದಾಗಿ ಇಂಟು ಹಾಕಿದ. ಗೇಟು ಒಂದೇ ಲಾರಿಯಷ್ಟು ಅಗಲ. ಮೊದಲನೆಯದು ನಿಂತಿತು, ಹಿಂದಿನ ಐದೂ ನಿಂತವು. ಬ್ಯಾನರು ಹಿಡಿದವರು ಬ್ಯಾನರನ್ನೇ ಹಾಸಿಕೊಂಡು ಕೂತರು. ಅಷ್ಟರಲ್ಲಿ ಬಂದ ಅಧಿಕಾರಿ ಆ ಒಂದು ಇಂಟನ್ನು, ಕಳೆದ ಸಲ ಸಾಲುಸಾಲು 'ಸರಿ' ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. "ಈ ಹಾಳೆ ನಂಬಬಹುದು," ಎಂದರು.

ಡ್ರೈವರಣ್ಣ, ನಾಳೆ ಬೆಳಗ್ಗೆ ನಿನ್ನ ಲಾರಿಯನ್ನು ಒಂದು ಸುತ್ತು ಹಾಕು. ಕಂಡದ್ದನ್ನು ಬರಿ, ಕಾಣದ್ದನ್ನು ಬರೆಯಬೇಡ. ನಿದ್ದೆ ಬಂದರೆ ನಿಲ್ಲಿಸು. ಮಾಲೀಕರೇ, ಇಂಟು ಹಾಕಿದವನನ್ನು ಬೈಯಬೇಡಿ, ಬಲ್ಬು ತರಿಸಿ. ಯಾರಾದರೂ ಬಂದು "ಪೆಡಲ್ ತಳಕ್ಕೆ ಹೋಗ್ತಿದೆ" ಎಂದರೆ ತಲೆ ಎತ್ತಿ ಅವರ ಮುಖ ನೋಡಿ. ಮೊದಲ ಸಲ ಹೇಳಿದಾಗಲೇ.